ಪೊಲೀಸ್ ಶೋಧನೆ ಮತ್ತು ನಾಗರಿಕರ ಹಕ್ಕುಗಳು

ಅಪರಾಧದ ತನಿಖೆಗೆ ಬೇಕಾದ ವಸ್ತು ಅಥವಾ ದಾಖಲೆಗಳಿಗಾಗಿ ಮನೆ, ಅಂಗಡಿ ಮೊದಲಾದ ಸ್ಥಳಗಳನ್ನು ಪೊಲೀಸರು ಹುಡುಕಿ ಪರಿಶೀಲಿಸುವ ಕ್ರಮಕ್ಕೆ ಶೋಧನೆ ಎಂದು ಹೆಸರು. ಭಾರತದಲ್ಲಿ ಇದನ್ನು ಮುಖ್ಯವಾಗಿ ನಿಯಂತ್ರಿಸುವುದು, 1973ರ ದಂಡ ಪ್ರಕ್ರಿಯಾ ಸಂಹಿತೆಯ ಸ್ಥಾನದಲ್ಲಿ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ.

ಸಾಮಾನ್ಯವಾಗಿ ಶೋಧನೆಗೆ ನ್ಯಾಯಾಲಯದ ಲಿಖಿತ ಆದೇಶ, ಅಂದರೆ ಶೋಧನಾ ವಾರಂಟ್, ಬೇಕಾಗುತ್ತದೆ. ವಿಳಂಬಕ್ಕೆ ಆಸ್ಪದವಿಲ್ಲದಿದ್ದಾಗ ಮಾತ್ರ 185ನೆಯ ಕಲಮಿನ ಮೇರೆಗೆ ತನಿಖಾಧಿಕಾರಿ ಕಾರಣಗಳನ್ನು ಬರೆದಿಟ್ಟು ವಾರಂಟಿಲ್ಲದೆ ಶೋಧನೆ ನಡೆಸಬಹುದಾದರೂ, ಆ ಬರಹದ ಪ್ರತಿಯನ್ನು 48 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು. ಸ್ಥಳದ ಮಾಲೀಕರು ಅಥವಾ ನಿವಾಸಿಗಳು ಅರ್ಜಿ ಸಲ್ಲಿಸಿ ಅದರ ನಕಲನ್ನು ಉಚಿತವಾಗಿ ಪಡೆಯಬಹುದು.

103ನೆಯ ಕಲಮಿನಂತೆ ಇಬ್ಬರು ಅಥವಾ ಹೆಚ್ಚು ಮಂದಿ ಸ್ವತಂತ್ರ, ಗೌರವಸ್ಥ ಸಾಕ್ಷಿಗಳ, ಅಂದರೆ ಪಂಚರ, ಎದುರಿನಲ್ಲಿ ಶೋಧನೆ ನಡೆಯಬೇಕು. ಮನೆಯವರಿಗೆ ಹಾಜರಿರಲು ಅವಕಾಶ ಕೊಡಬೇಕು. ವಶಪಡಿಸಿಕೊಂಡ ಪ್ರತಿಯೊಂದು ವಸ್ತುವನ್ನೂ, ಅದು ದೊರೆತ ಜಾಗವನ್ನೂ ಪಟ್ಟಿಯಲ್ಲಿ ನಮೂದಿಸಿ, ಪಂಚರ ಸಹಿ ಹಾಕಿಸಿ, ಪ್ರತಿಯನ್ನು ಮನೆಯವರಿಗೆ ನೀಡಬೇಕು. ಮಹಿಳೆಯ ಅಂಗಶೋಧನೆಯನ್ನು ಮಹಿಳೆಯೇ, ಸಭ್ಯತೆಗೆ ಕುಂದಿಲ್ಲದಂತೆ, ನಡೆಸಬೇಕು. 105ನೆಯ ಕಲಮು ಶೋಧನೆ ಮತ್ತು ಜಪ್ತಿಯ ಧ್ವನಿ-ದೃಶ್ಯ ಚಿತ್ರೀಕರಣವನ್ನು ಹೊಸದಾಗಿ ಕಡ್ಡಾಯಗೊಳಿಸಿದೆ.

ನಿಯಮ ಮೀರಿದ ಶೋಧನೆಯಲ್ಲಿ ದೊರೆತ ಸಾಕ್ಷ್ಯವು ಅಷ್ಟರಿಂದಲೇ ಅಗ್ರಾಹ್ಯವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಪೂರಣ್ ಮಲ್ ಪ್ರಕರಣದಲ್ಲಿ ತೀರ್ಮಾನಿಸಿತು. ಆದರೆ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ್ದರಿಂದ, ಈ ವಿಧಿವಿಧಾನಗಳು ಬರಿಯ ಔಪಚಾರಿಕತೆಯಾಗಿ ಉಳಿಯದೆ ವ್ಯಕ್ತಿಘನತೆಯ ರಕ್ಷಣೆಯಾಗಿ ಮಹತ್ವ ಪಡೆದಿವೆ.