ಡೆನ್ಮಾರ್ಕಿನ ಗಾಳಿಯಂತ್ರಗಳೂ ಅವುಗಳ ಮಾಲೀಕರೂ

ಯಂತ್ರೋದ್ಯಮಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಯಂತ್ರವನ್ನು ಕಲ್ಪಿಸಿದವರ ಮತ್ತು ನಿರ್ಮಿಸಿದವರ ಚರಿತ್ರೆಯನ್ನೇ ಬರೆದಿದ್ದಾರೆ. ಅದನ್ನು ಹಣ ತೆತ್ತು ಕೊಂಡವರಿಗೂ, ಅದು ಕೆಟ್ಟು ನಿಂತಾಗ ಏಣಿಯೇರಿ ನೋಡಿದವರಿಗೂ ಆ ಚರಿತ್ರೆಯಲ್ಲಿ ದೊರೆತಿರುವ ಸ್ಥಳ ಅತ್ಯಲ್ಪ. ಗಾಳಿಯಿಂದ ವಿದ್ಯುಚ್ಛಕ್ತಿಯನ್ನು ಪಡೆಯುವ ಉದ್ಯಮದ ವಿಷಯದಲ್ಲಿ ಈ ಪದ್ಧತಿಯನ್ನೇ ಅನುಸರಿಸಿದರೆ ಒಂದು ಮುಖ್ಯವಾದ ಪ್ರಶ್ನೆಗೆ ಉತ್ತರ ದೊರೆಯುವುದಿಲ್ಲ. 1970ರ ದಶಕದ ಉತ್ತರಾರ್ಧದಲ್ಲಿ ಅಮೆರಿಕ ಮತ್ತು ಪಶ್ಚಿಮ ಜರ್ಮನಿಗಳು ವಿಮಾನಶಾಸ್ತ್ರದಲ್ಲಿ ಪಾರಂಗತರಾದ ಇಂಜಿನಿಯರುಗಳನ್ನೂ ಹೇರಳವಾದ ಸರ್ಕಾರಿ ಧನವನ್ನೂ ಈ ಕೆಲಸದಲ್ಲಿ ತೊಡಗಿಸಿದುವು. ಆದರೂ ಹತ್ತು ವರ್ಷಗಳು ಕಳೆಯುವಷ್ಟರಲ್ಲಿ ಮಾರುಕಟ್ಟೆಯಲ್ಲಿ ಮೇಲುಗೈ ಪಡೆದದ್ದು ವಿಸ್ತೀರ್ಣದಲ್ಲಿ ಕರ್ನಾಟಕದ ಕಾಲುಭಾಗಕ್ಕಿಂತಲೂ ಕಿರಿದಾದ ಡೆನ್ಮಾರ್ಕ್; ಅಲ್ಲಿಯೂ ಹೊಲದ ಬಂಡಿ, ನೀರಾವರಿಯ ಸಲಕರಣೆ, ಎಣ್ಣೆಯ ತೊಟ್ಟಿ ಮುಂತಾದುವನ್ನು ಮಾಡುತ್ತಿದ್ದ ಗ್ರಾಮಾಂತರದ ಕಾರ್ಖಾನೆಗಳು. ಇದಕ್ಕೆ ಕಾರಣವು ಯಂತ್ರದಲ್ಲಿ ಇದ್ದುದಕ್ಕಿಂತ ಹೆಚ್ಚಾಗಿ, ಯಂತ್ರದ ಮಾಲೀಕರು ತಮ್ಮತಮ್ಮಲ್ಲಿ ಇಟ್ಟುಕೊಂಡಿದ್ದ ವ್ಯವಹಾರದಲ್ಲಿ ಇತ್ತೆಂಬುದು ನಮ್ಮ ಅಭಿಪ್ರಾಯ.

ಕಥೆಯನ್ನು 1864ರಿಂದ ಆರಂಭಿಸುವುದು ಯುಕ್ತ. ಆ ವರ್ಷ ಪ್ರಷ್ಯ ಮತ್ತು ಆಸ್ಟ್ರಿಯಗಳೊಡನೆ ನಡೆದ ಯುದ್ಧದಲ್ಲಿ ಸೋತ ಡೆನ್ಮಾರ್ಕ್ ತನ್ನ ದಕ್ಷಿಣದ ಪ್ರಾಂತಗಳನ್ನು ಕಳೆದುಕೊಂಡಿತು. ಹೊರಗೆ ಕಳೆದುಕೊಂಡುದನ್ನು ಒಳಗೆ ಗಳಿಸಬೇಕೆಂಬ ಹಂಬಲವು ತರುವಾಯದ ತಲೆಮಾರಿನಲ್ಲಿ ಎದ್ದು ಕಾಣುತ್ತದೆ. ಗ್ರುಂಟ್ವಿಗ್ ಎಂಬ ಪಾದ್ರಿ ಮತ್ತು ಕವಿಯ ಭಾವನೆಗಳಿಂದ ಹುಟ್ಟಿದ ಜನತಾ ವಿದ್ಯಾಲಯಗಳು ರೈತರ ಮಕ್ಕಳಿಗೆ ಪರೀಕ್ಷೆಯ ಹಂಗಿಲ್ಲದ ಶಿಕ್ಷಣವನ್ನು ಕೊಟ್ಟುವು. 1882ರಲ್ಲಿ ಯುಟ್ಲೆಂಡಿನ ಯೆಡ್ಡಿಂಗ್ ಎಂಬಲ್ಲಿ ಮೊದಲನೆಯ ಸಹಕಾರಿ ಹಾಲಿನ ಕೇಂದ್ರ ಸ್ಥಾಪಿತವಾಯಿತು. ಹತ್ತಾರು ಮನೆಯವರು ಕೂಡಿ ಒಂದು ಯಂತ್ರವನ್ನು ಕೊಳ್ಳುವುದು, ಅದರ ಲೆಕ್ಕವನ್ನು ಎಲ್ಲರ ಎದುರಿಗೆ ಇಡುವುದು ಆ ನಾಡಿನ ಹಳ್ಳಿಗನಿಗೆ ಗಾಳಿಯಂತ್ರ ಬರುವುದಕ್ಕೆ ಎಷ್ಟೋ ಮೊದಲೇ ರೂಢಿಯಾಗಿತ್ತು.

ಈ ಜನತಾ ವಿದ್ಯಾಲಯಗಳಲ್ಲಿ ಆಸ್ಕೋವ್ ಎಂಬುದು ಹೆಸರಾದುದು. ಅಲ್ಲಿಗೆ 1878ರಲ್ಲಿ ಅಧ್ಯಾಪಕನಾಗಿ ಬಂದ ಪೌಲ್ ಲ ಕೂರ್ (1846–1908) ಹವಾಮಾನಶಾಸ್ತ್ರವನ್ನು ಅಭ್ಯಾಸಮಾಡಿದವನು. ಪಟ್ಟಣಗಳಿಗೆ ವಿದ್ಯುತ್ತು ಬಂದು ಹಳ್ಳಿಗಳು ಕತ್ತಲೆಯಲ್ಲಿ ಉಳಿದರೆ ಗ್ರಾಮಜೀವನವೇ ಕುಸಿದೀತೆಂಬ ಚಿಂತೆ ಅವನದು. 1891ರಲ್ಲಿ ಸರ್ಕಾರದ ನೆರವಿನಿಂದ ಅವನು ಆಸ್ಕೋವಿನಲ್ಲಿ ಒಂದು ಪ್ರಯೋಗದ ಗಾಳಿಯಂತ್ರವನ್ನು ಕಟ್ಟಿದನು. ಗಾಳಿ ಬೀಸದ ದಿನಕ್ಕೆ ಶಕ್ತಿಯನ್ನು ಕೂಡಿಡುವುದು ಹೇಗೆ? ವಿದ್ಯುತ್ತಿನಿಂದ ನೀರನ್ನು ವಿಭಜಿಸಿ, ಬಂದ ಜಲಜನಕವನ್ನು ತುಂಬಿಟ್ಟು, 1895ರಿಂದ ಏಳು ವರ್ಷಗಳ ಕಾಲ ಅವನು ವಿದ್ಯಾಲಯದ ದೀಪಗಳನ್ನು ಅದರಿಂದಲೇ ಉರಿಸಿದನು. ಅನಿಲವು ಸಿಡಿದು ಕಿಟಕಿಯ ಗಾಜುಗಳು ಒಡೆದುದೂ ಉಂಟು. ರೆಕ್ಕೆಗಳ ಸಂಖ್ಯೆ ಹೆಚ್ಚಿದಷ್ಟೂ ಬಲ ಹೆಚ್ಚುವುದೆಂಬ ಹಳೆಯ ನಂಬಿಕೆಯನ್ನು ಪರೀಕ್ಷಿಸಿ, ವೇಗವಾಗಿ ತಿರುಗುವ ಕೆಲವೇ ರೆಕ್ಕೆಗಳು ಮೇಲೆಂದು ತೋರಿಸಿದವನೂ ಅವನೇ. ಇವೆಲ್ಲಕ್ಕಿಂತಲೂ ಅವನ ಮತ್ತೊಂದು ಕಾರ್ಯ ದೀರ್ಘಕಾಲ ಫಲಿಸಿತು. 1903ರಲ್ಲಿ ಗಾಳಿವಿದ್ಯುತ್ತಿಗಾಗಿಯೇ ಒಂದು ಸಂಘವನ್ನು ಸ್ಥಾಪಿಸಿ, ಮರುವರ್ಷ ಗ್ರಾಮೀಣ ಯುವಕರಿಗೆ ವಿದ್ಯುತ್ ಕೆಲಸದ ತರಗತಿಗಳನ್ನು ಆರಂಭಿಸಿದನು. 1918ರ ವೇಳೆಗೆ ಸುಮಾರು 120 ಹಳ್ಳಿಯ ವಿದ್ಯುತ್ ಕೇಂದ್ರಗಳು ಗಾಳಿಯಂತ್ರವನ್ನು ಹೊಂದಿದ್ದುವು.

ಆ ತರಗತಿಯ ವಿದ್ಯಾರ್ಥಿಗಳಲ್ಲಿ ಯೊಹಾನೆಸ್ ಯೂಲ್ (1887–1969) ಒಬ್ಬನು. ವಿದ್ಯುತ್ ಕಂಪನಿಯ ಇಂಜಿನಿಯರನಾಗಿದ್ದ ಇವನು ತನ್ನ ಅರವತ್ತನೆಯ ವಯಸ್ಸಿನ ಸುಮಾರಿಗೆ ಗುರುವಿನ ವಿಷಯವನ್ನು ಮತ್ತೆ ಕೈಗೆತ್ತಿಕೊಂಡು, 1957ರಲ್ಲಿ ದೇಶದ ದಕ್ಷಿಣ ತುದಿಯ ಗೆಡ್ಸರ್‌ನಲ್ಲಿ 200 ಕಿಲೋವಾಟ್ ಸಾಮರ್ಥ್ಯದ, 24 ಮೀಟರ್ ವ್ಯಾಸದ ಯಂತ್ರವನ್ನು ನಿಲ್ಲಿಸಿದನು. ಅದರ ರಚನೆಯನ್ನು ತುಸು ವಿವರವಾಗಿ ತಿಳಿಯುವುದು ಅವಶ್ಯಕ. ಮೂರು ರೆಕ್ಕೆಗಳು. ಅವುಗಳಿಗೆ ಜೋಡಿಸಿದುದು ಇಂಡಕ್ಷನ್ ಮೋಟಾರಿನ ಜಾತಿಯ ಸರಳವಾದ ಜನರೇಟರು; ಊರಿನ ವಿದ್ಯುಜ್ಜಾಲಕ್ಕೆ ಕೂಡಿಸಿದೊಡನೆ ಆ ಜಾಲವೇ ಯಂತ್ರದ ವೇಗವನ್ನು ಹಿಡಿದಿಡುತ್ತದೆ. ಗಾಳಿ ಮಿತಿಮೀರಿದಾಗ ರೆಕ್ಕೆಯ ಮೇಲಿನ ವಾಯುಪ್ರವಾಹವು ಕಡಿದುಹೋಗಿ ಬಲವು ತಾನಾಗಿಯೇ ತಗ್ಗುತ್ತದೆ. ಇದಕ್ಕೆ ಬೇರೆ ಉಪಕರಣ ಬೇಡ. ತೀರ ಅಪಾಯವಾದಾಗ ರೆಕ್ಕೆಗಳ ತುದಿಗಳು ಹೊರಳಿ ಗಾಳಿಗೆ ಅಡ್ಡವಾಗಿ ನಿಲ್ಲುತ್ತವೆ. ಹಳ್ಳಿಯ ಕಮ್ಮಾರನೂ ನೋಡಿ ಅರ್ಥಮಾಡಿಕೊಳ್ಳಬಹುದಾದ ಯಂತ್ರವಿದು. ಆದರೆ ಎಣ್ಣೆ ಅಗ್ಗವಾಗಿದ್ದ ಕಾಲ. ಗಾಳಿವಿದ್ಯುತ್ತು ಲಾಭಕರವಲ್ಲವೆಂದು 1962ರಲ್ಲಿ ತೀರ್ಮಾನವಾಯಿತು. ಯಂತ್ರವನ್ನು 1967ರಲ್ಲಿ ನಿಲ್ಲಿಸಲಾಯಿತು. ಯೂಲ್ ಎರಡು ವರ್ಷಗಳ ಅನಂತರ ತೀರಿಕೊಂಡನು.

1973ರ ಎಣ್ಣೆಯ ಬಿಕ್ಕಟ್ಟು ಬಂದಾಗ ಡೆನ್ಮಾರ್ಕಿನ ಶಕ್ತಿಯ ಪೂರೈಕೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಎಣ್ಣೆಯದು, ಅದೂ ಹೊರದೇಶದ್ದು. ಸರ್ಕಾರವೂ ವಿದ್ಯುತ್ ಕಂಪನಿಗಳೂ ಅಣುಶಕ್ತಿಯತ್ತ ತಿರುಗಿದುವು. ಅದನ್ನು ವಿರೋಧಿಸಲು 1974ರಲ್ಲಿ ಒಂದು ಸಂಘಟನೆ ಹುಟ್ಟಿತು. ಬೇಡವೆಂದರೆ ಸಾಲದು, ಬದಲಿಗೆ ಏನು ಬೇಕೆಂಬುದನ್ನೂ ತೋರಿಸಬೇಕೆಂದು 1975ರಲ್ಲಿ ಮತ್ತೊಂದು. ಈ ಎರಡನೆಯ ಸಂಘಟನೆಯವರು ವರ್ಷದಲ್ಲಿ ಹಲವು ಬಾರಿ ಏರ್ಪಡಿಸುತ್ತಿದ್ದ ಗಾಳಿಕೂಟಗಳು ನಮ್ಮ ವಿಷಯಕ್ಕೆ ಅತಿ ಮುಖ್ಯ. ಅಲ್ಲಿ ಕಮ್ಮಾರರು, ಬಡಗಿಗಳು, ರೈತರು, ವಿದ್ಯಾರ್ಥಿಗಳು, ಕೆಲವು ಮಂದಿ ಪ್ರಾಧ್ಯಾಪಕರು ಒಟ್ಟಿಗೆ ಕುಳಿತರು. ಒಬ್ಬನ ಗೇರು ಒಡೆದುದು ಇನ್ನೊಬ್ಬನಿಗೆ ಪಾಠವಾಯಿತು. ನಕ್ಷೆಗಳನ್ನು ಬಚ್ಚಿಡುವ ಪದ್ಧತಿ ಇನ್ನೂ ಬಂದಿರಲಿಲ್ಲ.

ಕ್ರಿಶ್ಚಿಯನ್ ರೀಸಾಗರ್ ಎಂಬ ಯುಟ್ಲೆಂಡಿನ ಬಡಗಿಯು ಗೆಡ್ಸರಿನ ಯಂತ್ರವನ್ನೇ ಕಿರಿದಾಗಿಸಿ, ಪೇಟೆಯಲ್ಲಿ ಸಿಕ್ಕುವ ಸಾಮಾನುಗಳಿಂದ 22 ಕಿಲೋವಾಟಿನ ಯಂತ್ರವನ್ನು ಮಾಡಿ, ಊರಿನ ವಿದ್ಯುಜ್ಜಾಲಕ್ಕೆ ಸೇರಿಸಿದನು. ತರುವಾಯ ಅಂಥ ಯಂತ್ರಗಳನ್ನು ಮಾರತೊಡಗಿದನು. ಇನ್ನೊಂದು ಕಡೆ ಉಲ್ಫ್‌ಬೋರ್ಗಿನ ಬಳಿಯ ಟ್ವಿಂಡ್ ಎಂಬಲ್ಲಿ ಶಾಲೆಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಸ್ವಯಂಸೇವಕರೂ ಸೇರಿ 54 ಮೀಟರ್ ವ್ಯಾಸದ ಬೃಹದ್ಯಂತ್ರವನ್ನು ಕೈಯಾರೆ ಕಟ್ಟಿ 1978ರಲ್ಲಿ ನಡೆಸತೊಡಗಿದರು. ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದು. ಅಷ್ಟು ದೊಡ್ಡದು ಆಗ ಬೇಕಿತ್ತೇ ಎಂಬುದು ವಾದಗ್ರಸ್ತ. ಆದರೆ ಗಾಜುನೂಲಿನ ರೆಕ್ಕೆಯನ್ನು ಅಚ್ಚಿನಲ್ಲಿ ಎರೆಯುವ ವಿದ್ಯೆಯನ್ನು ಟ್ವಿಂಡಿನವರು ಕೇಳಿದವರಿಗೆಲ್ಲ ಕೊಟ್ಟರು. ಅದರಿಂದ ಸಣ್ಣ ರೆಕ್ಕೆಗಳನ್ನು ಮಾಡಿ ಮಾರುವ ಕಸುಬೊಂದು ಆರಂಭವಾಯಿತು. ರೆಕ್ಕೆಯನ್ನು ಕೊಂಡರೆ ಉಳಿದುದನ್ನು ಯಾವ ಕಮ್ಮಾರನಾದರೂ ಜೋಡಿಸಿಕೊಳ್ಳಬಹುದಾಯಿತು.

1978ರಲ್ಲಿಯೇ ಗಾಳಿಯಂತ್ರಗಳ ಮಾಲೀಕರು ತಮ್ಮದೊಂದು ಸಂಘವನ್ನು ಕಟ್ಟಿದರು. ಸದಸ್ಯರು ಪ್ರತಿ ತಿಂಗಳೂ ಮೀಟರನ್ನು ಓದಿ, ತಮ್ಮ ಯಂತ್ರ ಎಷ್ಟು ಯೂನಿಟ್ ವಿದ್ಯುತ್ತನ್ನು ಕೊಟ್ಟಿತು, ಎಲ್ಲಿ ಕೆಟ್ಟಿತು ಎಂಬುದನ್ನು ತಿಳಿಸುತ್ತಿದ್ದರು. ಅದು ತಯಾರಕರ ಹೆಸರಿನೊಡನೆ ಮಾಸಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಹೊಸದಾಗಿ ಯಂತ್ರವನ್ನು ಕೊಳ್ಳಹೊರಟ ರೈತನು ಮಾರಾಟಗಾರನ ಮಾತನ್ನು ನಂಬಬೇಕಾಗಿರಲಿಲ್ಲ. ಪತ್ರಿಕೆಯನ್ನು ತೆರೆದರೆ ಸಾಕಾಗಿತ್ತು. ತನ್ನ ದೋಷವು ಮುಂದಿನ ತಿಂಗಳು ಇಡೀ ದೇಶಕ್ಕೆ ತಿಳಿಯುವುದೆಂದು ಬಲ್ಲ ತಯಾರಕನು ಅದನ್ನು ಮುಚ್ಚಿಡುವುದಕ್ಕಿಂತ ತಿದ್ದುವುದೇ ಲೇಸೆಂದು ಕಂಡುಕೊಂಡನು. ಆರ್ಥಿಕ ಚರಿತ್ರೆಯನ್ನು ಅಭ್ಯಾಸಮಾಡುವ ನಮ್ಮ ವಿದ್ಯಾರ್ಥಿಗಳು ರಾಜರ ಶಾಸನಗಳಿಗೂ ಸರ್ಕಾರದ ವರದಿಗಳಿಗೂ ಕೊಡುವ ಗೌರವವನ್ನು ಇಂಥ ನೀರಸವಾದ ಅಂಕಿಗಳ ಪಟ್ಟಿಗೂ ಕೊಡುವುದನ್ನು ಕಲಿಯಬೇಕು.

ಈ ಸಂಘವು ಸಾಧಿಸಿದುದಕ್ಕೆ ಬ್ರೇಕಿನ ವಿಷಯವೊಂದೇ ಸಾಕಷ್ಟು ನಿದರ್ಶನ. ಬಿರುಗಾಳಿಯಲ್ಲಿ ವಿದ್ಯುಜ್ಜಾಲದ ಸಂಪರ್ಕ ಕಡಿದುಹೋದರೆ ಜನರೇಟರಿನ ಹೊರೆ ಇಲ್ಲವಾಗಿ ರೆಕ್ಕೆಗಳು ಹುಚ್ಚೆದ್ದು ತಿರುಗುತ್ತವೆ. ಬ್ರೇಕು ಒಂದೇ ಇದ್ದು ಅದೂ ಸೋತರೆ ರೆಕ್ಕೆ ಕಿತ್ತು ಹಾರುತ್ತದೆ. ಆರಂಭದ ವರ್ಷಗಳಲ್ಲಿ ಹೀಗೆ ನಾಶವಾದ ಯಂತ್ರಗಳುಂಟು. ಒಂದನ್ನೊಂದು ಅವಲಂಬಿಸದ ಎರಡು ತಡೆಗಳು ಪ್ರತಿ ಯಂತ್ರದಲ್ಲಿಯೂ ಇರಲೇಬೇಕೆಂದು ಮಾಲೀಕರು ಹಟಹಿಡಿದರು. ಯೂಲನ ಹೊರಳುವ ತುದಿಗಳು ಹೀಗೆ ಮತ್ತೆ ಬಳಕೆಗೆ ಬಂದುವು. 1978ರಲ್ಲಿ ರೀಸೋ ಎಂಬಲ್ಲಿಯ ಅಣುಸಂಶೋಧನ ಕೇಂದ್ರದ ಆವರಣದಲ್ಲಿ ಗಾಳಿಯಂತ್ರಗಳ ಪರೀಕ್ಷಾಲಯ ಆರಂಭವಾಯಿತು. ಅಣುಶಕ್ತಿಯ ಮನೆಯಲ್ಲಿ ಅದರ ಪ್ರತಿಸ್ಪರ್ಧಿಗೆ ತೊಟ್ಟಿಲು! 1979ರಿಂದ ಯಂತ್ರದ ಬೆಲೆಯಲ್ಲಿ ನೂರಕ್ಕೆ ಮೂವತ್ತರಷ್ಟನ್ನು ಸರ್ಕಾರವು ಸಹಾಯಧನವಾಗಿ ಕೊಡತೊಡಗಿತು, ಆದರೆ ರೀಸೋ ಒಪ್ಪಿಗೆ ಪಡೆದ ಯಂತ್ರಗಳಿಗೆ ಮಾತ್ರ. ಎರಡು ತಡೆಗಳಿಲ್ಲದೆ ಒಪ್ಪಿಗೆಯಿಲ್ಲ. ಸರ್ಕಾರದ ಧನವಿಲ್ಲದೆ ಕೇವಲ ಜನರ ಉತ್ಸಾಹದಿಂದಲೇ ಉದ್ಯಮ ಬೆಳೆಯಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ಧನವು ಯಾವ ನಿಬಂಧನೆಗೆ ಒಳಪಟ್ಟು ಹರಿಯಿತೆಂಬುದು ಇಲ್ಲಿ ಗಮನಾರ್ಹ.

ಲೆಮ್ ಎಂಬ ಊರಿನಲ್ಲಿ 1898ರಲ್ಲಿ ಕಮ್ಮಾರಸಾಲೆಯಾಗಿ ಆರಂಭವಾಗಿ, ಬಂಡಿ ಮತ್ತು ಕ್ರೇನುಗಳನ್ನು ಮಾಡುತ್ತಿದ್ದ ವೆಸ್ಟಾಸ್ ಈ ಕಸುಬಿಗೆ ಇಳಿದದ್ದು 1979ರಲ್ಲಿ. ಹೆರ್ಬೋರ್ಗಿನ ಕಮ್ಮಾರ ಕಾರ್ಲ್ ಎರಿಕ್ ಯೋರ್ಗೆನ್ಸನ್ ಮತ್ತು ತರುಣ ಹೆನ್ರಿಕ್ ಸ್ಟೀಸ್‌ಡಾಲ್ ರಚಿಸಿದ್ದ ಯಂತ್ರದ ಹಕ್ಕನ್ನು ಪಡೆದು. ನೀರಾವರಿ ಸಲಕರಣೆಯ ಬೋನಸ್, ತೊಟ್ಟಿಗಳ ನಾರ್ಡ್‌ಟ್ಯಾಂಕ್ ಅದನ್ನು ಹಿಂಬಾಲಿಸಿದುವು.

ಜರ್ಮನಿಯ ಗ್ರೋವಿಯಾನ್ ಯಂತ್ರವನ್ನು ಇದರೊಡನೆ ಹೋಲಿಸಬಹುದು. ನೂರು ಮೀಟರ್ ವ್ಯಾಸ, 3 ಮೆಗಾವಾಟ್ ಸಾಮರ್ಥ್ಯ, ಎರಡೇ ರೆಕ್ಕೆ. 1983ರಿಂದ 1987ರವರೆಗೆ ನಿಂತಿದ್ದ ಅದು ಒಟ್ಟು ತಿರುಗಿದುದು ಸುಮಾರು 420 ಗಂಟೆ. ಅದನ್ನು ರಚಿಸಿದವರ ಜ್ಞಾನ ಕಡಮೆಯದಲ್ಲ. ಆದರೆ ಅವರು ತಪ್ಪುಮಾಡಲು ಒಂದೇ ಯಂತ್ರವಿತ್ತು. ಡೆನ್ಮಾರ್ಕಿನವರಿಗೆ ನೂರಾರು ಇದ್ದುವು, ಪ್ರತಿಯೊಂದರ ಬಳಿಯಲ್ಲಿಯೂ ಅದರಲ್ಲಿ ಹಣ ಹೂಡಿದ ಒಬ್ಬ ಕಾವಲುಗಾರನಿದ್ದನು.

ಒಬ್ಬನಿಗೆ ಒಂದು ಯಂತ್ರ ಭಾರವಾದಾಗ ಹಾಲಿನ ಸಂಘದ ಹಳೆಯ ದಾರಿಯೇ ತೋರಿತು. ನೆರೆಹೊರೆಯವರು ಕೂಡಿ ಯಂತ್ರವನ್ನು ಕೊಂಡು, ವರ್ಷಕ್ಕೆ ಸುಮಾರು ಸಾವಿರ ಯೂನಿಟ್ಟಿಗೆ ಒಂದರಂತೆ ಷೇರುಗಳನ್ನು ಹಂಚಿಕೊಂಡರು. ಯಂತ್ರದ ಸಮೀಪದಲ್ಲಿ ವಾಸಿಸುವವರೇ ಸೇರಬೇಕು, ಮನೆಯ ಬಳಕೆಗೆ ತಕ್ಕಷ್ಟೇ ಕೊಳ್ಳಬೇಕು ಎಂಬ ನಿಯಮಗಳು ಹಣವಂತರ ಕೈಗೆ ಎಲ್ಲವೂ ಸೇರದಂತೆ ತಡೆದುವು. 1985ರಲ್ಲಿ ಅಲ್ಲಿನ ಪಾರ್ಲಿಮೆಂಟು ಅಣುಶಕ್ತಿಯನ್ನು ಯೋಜನೆಯಿಂದ ಕೈಬಿಟ್ಟಿತು. ಕಾಲಕ್ರಮದಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಕುಟುಂಬಗಳು ಗಾಳಿಯಂತ್ರದ ಪಾಲುದಾರರಾದುವು. ಕಿಟಕಿಯಿಂದ ಕಾಣುವ ಯಂತ್ರವು ತನ್ನದೇ ಆದಾಗ ಅದರ ಸದ್ದು ಕಿವಿಗೆ ಅಷ್ಟಾಗಿ ಬಾಧಿಸುವುದಿಲ್ಲ.

ಇದೇ ಕಾಲದಲ್ಲಿ ಕ್ಯಾಲಿಫೋರ್ನಿಯದಿಂದ ಬೇಡಿಕೆಯ ಮಹಾಪೂರವೇ ಬಂದಿತು. ಅಲ್ಲಿನ ತೆರಿಗೆ ವಿನಾಯಿತಿಗಳಿಂದಾಗಿ ಡೆನ್ಮಾರ್ಕಿನ ಸಾವಿರಾರು ಯಂತ್ರಗಳು ಸಮುದ್ರವನ್ನು ದಾಟಿದುವು. ವಿನಾಯಿತಿಗಳು ನಿಂತೊಡನೆ 1986ರಲ್ಲಿ ವೆಸ್ಟಾಸ್ ಸೇರಿದಂತೆ ಹಲವು ಕಂಪನಿಗಳು ದಿವಾಳಿಯೆದ್ದುವು. ಉಳಿದವು, ಪುನಃ ಕಟ್ಟಿಕೊಂಡವು, ಹಿಂದಿನವಾಗಿರಲಿಲ್ಲ. ಯಂತ್ರಗಳು ವರ್ಷವರ್ಷಕ್ಕೂ ಬೆಳೆದುವು, ಬೆಲೆಯೂ ಬೆಳೆಯಿತು. ಕಮ್ಮಾರನು ಜೋಡಿಸಬಲ್ಲ ಯಂತ್ರವಾಗಲಿ, ಐವತ್ತು ಮನೆಗಳು ಕೊಳ್ಳಬಲ್ಲ ಯಂತ್ರವಾಗಲಿ ಅದು ಉಳಿಯಲಿಲ್ಲ. 1999ರ ವಿದ್ಯುತ್ ಸುಧಾರಣೆಯು ನಿಶ್ಚಿತ ದರದ ಪದ್ಧತಿಯನ್ನು ಮುರಿದಮೇಲೆ ಹೊಸ ಸಹಕಾರ ಸಂಘಗಳು ವಿರಳವಾದುವು. ಕೋಪನ್‌ಹೇಗನ್ನಿನ ಎದುರಿನ ಸಮುದ್ರದಲ್ಲಿ 2000ದಲ್ಲಿ ನಿಂತ ಮಿಡ್ಡೆಲ್‌ಗ್ರುಂಡೆನ್ನಿನ ಇಪ್ಪತ್ತು ಯಂತ್ರಗಳು ಈ ಪರಂಪರೆಯ ಕೊನೆಯ ದೊಡ್ಡ ಗುರುತು. ಅವುಗಳಲ್ಲಿ ಹತ್ತನ್ನು ಕೊಂಡದ್ದು 8,500ಕ್ಕೂ ಹೆಚ್ಚು ಸದಸ್ಯರ ಸಹಕಾರ ಸಂಘ. ಉಳಿದ ಹತ್ತು ನಗರದ ವಿದ್ಯುತ್ ಸಂಸ್ಥೆಯವು.

2023ರಲ್ಲಿ ಡೆನ್ಮಾರ್ಕಿನ ವಿದ್ಯುತ್ ಬಳಕೆಯ ಅರ್ಧಕ್ಕೂ ಮಿಕ್ಕಿ ಗಾಳಿಯಿಂದ ಬಂದಿತು. ಉದ್ಯಮದ ದೃಷ್ಟಿಯಿಂದ ಇದು ಸಂಪೂರ್ಣ ವಿಜಯ. ಆದರೆ ಹೊಸ ಯಂತ್ರಗಳನ್ನು ನೆಡಹೊರಟಲ್ಲೆಲ್ಲ ಹಳ್ಳಿಗರ ವಿರೋಧವು ಈ ಶತಮಾನದ ಆರಂಭದಿಂದ ಬಲವಾಗುತ್ತ ಬಂದಿತು; ಯಾವ ನಾಡಿನಲ್ಲಿ ಹಳ್ಳಿಗರೇ ಯಂತ್ರವನ್ನು ಬೇಡಿ ತಂದಿದ್ದರೋ ಅಲ್ಲಿಯೇ. ಇದನ್ನು ಸರಿಪಡಿಸಲು 2008ರ ಕಾಯಿದೆಯು ಪ್ರತಿ ಹೊಸ ಯೋಜನೆಯ ಐದನೆಯ ಒಂದು ಪಾಲನ್ನು ಮೊದಲು ನಾಲ್ಕೂವರೆ ಕಿಲೋಮೀಟರಿನೊಳಗಿನ ನಿವಾಸಿಗಳಿಗೆ ಮಾರಲು ನೀಡಬೇಕೆಂದು ವಿಧಿಸಿತು. ನೆರೆಯವರು ಮೊದಲು ಕೂಡಿ ನಿರ್ಧರಿಸಿದುದನ್ನು ಈಗ ಕಂಪನಿಯು ನಿರ್ಧರಿಸಿ, ಅನಂತರ ಪಾಲಿಗೆ ಕರೆಯುತ್ತಿತ್ತು. ಕರೆಗೆ ಓಗೊಟ್ಟವರುಂಟು, ವಿರೋಧ ಮಾತ್ರ ಅಡಗಲಿಲ್ಲ. 2020ರಲ್ಲಿ ಆ ವಿಧಿಯನ್ನು ರದ್ದುಮಾಡಿ, ಯಂತ್ರದ ಸಮೀಪದ ಮನೆಗಳವರಿಗೆ ವರ್ಷಕ್ಕೊಮ್ಮೆ ಇಷ್ಟು ಹಣವೆಂದು ಕೊಡುವ ಏರ್ಪಾಡನ್ನು ಮಾಡಲಾಯಿತು. ಆ ಹಣ ಪಡೆಯುವವನು ಯಂತ್ರದ ಮೀಟರನ್ನು ಓದಬೇಕಾಗಿಲ್ಲ.