ವಶೀಕರಣದ ಕಥೆಗಳು: ಸೊನ್ನಲಿಗೆಯಿಂದ ‘ತುಳಸಿದಳ’ದವರೆಗೆ

ಒಬ್ಬರ ಮನಸ್ಸನ್ನು ಇನ್ನೊಬ್ಬರು ದೂರದಿಂದಲೇ ಹಿಡಿದು ತಮ್ಮ ಇಚ್ಛೆಯಂತೆ ಆಡಿಸಬಲ್ಲರೆಂಬ ನಂಬಿಕೆಯು ಬಹು ಪ್ರಾಚೀನವಾದುದು. ಇಂದಿನ ರೋಚಕ ಕಾದಂಬರಿಗಳೂ ಚಲನಚಿತ್ರಗಳೂ ಅದನ್ನೇ ಬಂಡವಾಳ ಮಾಡಿಕೊಂಡಿವೆ. ಮೊಮ್ಮಕ್ಕಳು ಅವುಗಳನ್ನು ಮೊಬೈಲಿನಲ್ಲಿ ನೋಡುತ್ತಿರುವಾಗ ಇದೆಲ್ಲವೂ ಪರದೇಶದ ಸರಕೆಂದು ನಾವು ಹಿರಿಯರು ಮೂಗು ಮುರಿಯುವುದುಂಟು. ಆದರೆ ಇಂಥ ಕಥೆಗಳ ದೀರ್ಘ ಪರಂಪರೆಯೊಂದು ಕನ್ನಡದಲ್ಲಿಯೂ ಇದೆ. ಅದರ ಒಂದು ಮುಖ್ಯ ಪ್ರಸಂಗವು ನಮ್ಮ ಸೊಲ್ಲಾಪುರದ ಕೆರೆಯ ದಂಡೆಗೇ ಸೇರಿದೆ.

ಸೊಲ್ಲಾಪುರದ ಹಳೆಯ ಹೆಸರು ಸೊನ್ನಲಿಗೆ. 12ನೆಯ ಶತಮಾನದಲ್ಲಿ ಸಿದ್ಧರಾಮೇಶ್ವರರು ಇಲ್ಲಿ ಕೆರೆಯನ್ನು ಕಟ್ಟಿಸಿದರು. ರಾಘವಾಂಕ ಕವಿಯು ಅವರ ಚರಿತ್ರೆಯನ್ನು ಷಟ್ಪದಿಯಲ್ಲಿ ಹಾಡಿದನು. ನಮ್ಮ ಊರಿನವರೇ ಆದ, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವನ್ನು ಅಲಂಕರಿಸಿದ ಜಯದೇವಿತಾಯಿ ಲಿಗಾಡೆಯವರು ಅದನ್ನೇ ತ್ರಿಪದಿಯಲ್ಲಿ ಪುರಾಣವಾಗಿಸಿದರು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಈ ಕೆರೆಯ ಕೆಲಸ ನಡೆಯುತ್ತಿದ್ದಲ್ಲಿಗೆ ಬಂದು ಸಿದ್ಧರಾಮರನ್ನು ಹಗುರವಾಗಿ ನುಡಿಯುವ ಪ್ರಸಂಗವಿದೆ. ಕೆಲಸಗಾರರು ಸಿಟ್ಟಿಗೆದ್ದು ಕಲ್ಲೆಸೆಯುತ್ತಾರೆ, ಸಿದ್ಧರಾಮರೂ ಕೋಪಗೊಳ್ಳುತ್ತಾರೆ. ಪ್ರಭುಗಳಿಗೆ ಯಾವುದೂ ತಾಗುವುದಿಲ್ಲ. ಸಿದ್ಧಿ ಇಬ್ಬರಲ್ಲಿಯೂ ಇದೆ. ಆದರೆ ಪ್ರಭುಗಳು ಸಿದ್ಧರಾಮರ ಮನಸ್ಸನ್ನು ಗೆದ್ದದ್ದು ಸಂವಾದದಿಂದ. ಪ್ರಶ್ನೆ ಕೇಳಿದರು, ಉತ್ತರ ಪಡೆದರು, ಕಡೆಗೆ ಜೊತೆಯಲ್ಲಿ ಕಲ್ಯಾಣಕ್ಕೆ ಕರೆದೊಯ್ದರು.

15ನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಈ ವಿಚಾರವೇ ಇಡೀ ಕಾವ್ಯಕ್ಕೆ ಬೀಜವಾಗಿದೆ. ಅಲ್ಲಮನನ್ನು ಮೋಹಗೊಳಿಸಬಲ್ಲೆನೆಂದು ಪಾರ್ವತಿಯು ಶಿವನೊಡನೆ ಪಂಥ ಕಟ್ಟುತ್ತಾಳೆ. ಅವಳ ತಾಮಸ ಕಳೆಯು ಬನವಸೆಯಲ್ಲಿ ಮಾಯೆಯಾಗಿ ಹುಟ್ಟಿ, ಮದ್ದಳೆ ಬಾರಿಸುವ ಅಲ್ಲಮನನ್ನು ಒಲಿಸಿಕೊಳ್ಳಲು ಹೋಗಿ ಸೋಲುತ್ತಾಳೆ. ಮುಂದೆ ಗೋರಕ್ಷನ ವಜ್ರದೇಹಕ್ಕೆ ಕತ್ತಿ ಬಿದ್ದಾಗ ಖಣಿಲೆಂಬ ಸದ್ದಾಗುತ್ತದೆ. ಅದೇ ಕತ್ತಿಯು ಅಲ್ಲಮನ ದೇಹದಲ್ಲಿ ಬಯಲನ್ನು ಬೀಸಿದಂತೆ ಹಾದುಹೋಗುತ್ತದೆ. ನಮ್ಮ ಹಿರಿಯರ ಕಥೆಗಳಲ್ಲಿ ನಾಯಕನೆಂದರೆ ವಶೀಕರಣ ಮಾಡುವವನಲ್ಲ, ಯಾರ ವಶಕ್ಕೂ ಸಿಗದವನು.

ಯುರೋಪಿನಲ್ಲಿ ಈ ನಂಬಿಕೆಯು ವಿಜ್ಞಾನದ ವೇಷ ತೊಟ್ಟಿತು. ತನ್ನಲ್ಲಿ ಒಂದು ಕಾಂತಶಕ್ತಿಯಿದೆಯೆಂದು ಮೆಸ್ಮರ್ ಎಂಬ ವೈದ್ಯನು ಸಾರಿದನು. 1784ರಲ್ಲಿ ಫ್ರಾನ್ಸಿನ ದೊರೆಯು ಬೆಂಜಮಿನ್ ಫ್ರಾಂಕ್ಲಿನ್, ಲಾವೋಸಿಯೆ ಮೊದಲಾದವರ ಸಮಿತಿಯಿಂದ ಅದನ್ನು ಪರೀಕ್ಷೆಗೊಳಪಡಿಸಿದನು. ಅಂಥ ಶಕ್ತಿಯಿಲ್ಲ, ರೋಗಿಯ ಕಲ್ಪನೆಯೇ ಕೆಲಸ ಮಾಡುತ್ತದೆಂದು ಸಮಿತಿಯು ತೀರ್ಪಿತ್ತಿತು. ಆದರೂ 1845ರಲ್ಲಿ ಬಂಗಾಲದ ಹೂಗ್ಲಿಯಲ್ಲಿ ಡಾ. ಎಸ್‌ಡೇಲ್ ಎಂಬವರು ರೋಗಿಗಳನ್ನು ಇಂಥ ಮಂಪರಿಗೆ ತಂದು ಶಸ್ತ್ರಚಿಕಿತ್ಸೆ ಮಾಡಿದರು. ಕಲ್ಪನೆಯು ಸುಳ್ಳಾಗಿರಬಹುದು, ಅದರ ಪರಿಣಾಮ ಸುಳ್ಳಲ್ಲವೆಂಬುದು ಇದರಿಂದ ತಿಳಿಯುತ್ತದೆ.

ನಮ್ಮ ಕಾಲದ ಕಾದಂಬರಿಗಳಲ್ಲಿ ಎರಡನ್ನು ಹೆಸರಿಸಬೇಕು. 1968ರಲ್ಲಿ ಬಂದು 1977ರಲ್ಲಿ ಕಾರಂತರಿಗೆ ಜ್ಞಾನಪೀಠವನ್ನು ತಂದ ‘ಮೂಕಜ್ಜಿಯ ಕನಸುಗಳು’ ಒಂದು. ಮೂಕಜ್ಜಿಗೆ ವಸ್ತುವನ್ನು ಮುಟ್ಟಿದರೆ ಅದರ ಹಿಂದಿನ ಕಥೆ ಕಾಣುತ್ತದೆ. ಆ ಶಕ್ತಿಯಿಂದ ಅವಳು ಯಾರನ್ನೂ ಕಟ್ಟಿಹಾಕುವುದಿಲ್ಲ, ಮೊಮ್ಮಗನ ಬುದ್ಧಿಯನ್ನು ಬಿಡಿಸುತ್ತಾಳೆ. ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಮತ್ತೊಂದು. ಎಳೆಯ ಮಗುವಿನ ಮೇಲೆ ‘ಕಾಷ್ಮೋರಾ’ ಎಂಬ ಕ್ಷುದ್ರಪ್ರಯೋಗ ನಡೆಯುವ ಈ ಕಥೆಯು 1985ರಲ್ಲಿ ಕನ್ನಡ ಚಲನಚಿತ್ರವೂ ಆಯಿತು. ನಮ್ಮ ಭಾಗದ ಓದುಗರನ್ನು ಅದು ವಿಶೇಷವಾಗಿ ಹಿಡಿದುದಕ್ಕೆ ಕಾರಣವಿದೆ. ಕಲಬುರ್ಗಿ, ಬೀದರ, ಮೇದಕ, ಸೊಲ್ಲಾಪುರದ ಗಡಿಹಳ್ಳಿಗಳಿಗೆ ‘ಭಾನಾಮತಿ’ಯೆಂಬ ಶಬ್ದ ಹೊಸದಲ್ಲ. ಹೆಣ್ಣುಮಕ್ಕಳು ಇದ್ದಕ್ಕಿದ್ದಂತೆ ನಾಯಿಯಂತೆ ಬೊಗಳುವುದು, ಮೈಮೇಲೆ ಗುರುತು ಮೂಡುವುದು, ಒಣಗಹಾಕಿದ ಬಟ್ಟೆಗೆ ಬೆಂಕಿ ಹತ್ತುವುದು ಇವೆಲ್ಲ ಭಾನಾಮತಿಯ ಲಕ್ಷಣಗಳೆಂದು ಜನ ನಂಬಿದ್ದರು. ಮಾಡಿಸಿದವರೆಂದು ಶಂಕೆ ಬಂದವರು ಮತ್ತೆ ಮಂತ್ರ ನುಡಿಯಬಾರದೆಂದು ಅವರ ಹಲ್ಲು ಕಿತ್ತ ಕ್ರೌರ್ಯವೂ ಈ ನಂಬಿಕೆಯ ಇತಿಹಾಸದಲ್ಲಿದೆ.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಆಗ ನಾವು ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯಲ್ಲಿ ಸಹಶಿಕ್ಷಕರಾಗಿದ್ದೆವು. ಸಂಜೆ ಕಟ್ಟೆಯ ಮೇಲೆ ಕುಳಿತು ‘ತುಳಸಿದಳ’ವನ್ನು ನಾಲ್ಕು ಜನರಿಗೆ ಓದಿ ಹೇಳುತ್ತಿದ್ದೆವು, ಕೇಳುವವರು ದಿನದಿಂದ ದಿನಕ್ಕೆ ಹೆಚ್ಚಿದರು. ಅದೇ ಮಳೆಗಾಲದಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ರಾತ್ರಿ ಬೊಗಳತೊಡಗಿದಳು. ವಾರದೊಳಗೆ ಇನ್ನಿಬ್ಬರಿಗೆ ಹಾಗೆಯೇ ಆಯಿತು. ಶಂಕೆಯು ಊರಂಚಿನ ಒಬ್ಬ ವಿಧವೆಯ ಮೇಲೆ ಬಂದಿತು. ಅವಳಿಗೆ ಹಿಂದೆಮುಂದೆ ಯಾರೂ ಇರಲಿಲ್ಲ. ಪಂಚರ ಮುಂದೆ ಅವಳನ್ನು ನಿಲ್ಲಿಸಿದಾಗ ಅವಳು ಸುತ್ತಲೂ ನೋಡಿ ನಮ್ಮ ಕಡೆಗೆ ತಿರುಗಿ, “ಮಾಸ್ತರ್ರ, ನೀವಾರ ಹೇಳ್ರಿ” ಎಂದಳು. ನಾವು ಹೇಳಲಿಲ್ಲ. ಪುಸ್ತಕ ಓದುವಾಗ ಗಟ್ಟಿಯಾಗಿದ್ದ ನಮ್ಮ ದನಿಯು ಅಂದು ಹೊರಡಲಿಲ್ಲ. ಮರುದಿನ ಅವಳು ಗಂಟು ಕಟ್ಟಿಕೊಂಡು ಊರು ಬಿಟ್ಟಳು.

ಆ ಹುಡುಗಿಗೆ ವಯಸ್ಸಿನಲ್ಲಿ ಬಹಳ ಹಿರಿಯನಾದ ವರನೊಡನೆ ಮದುವೆ ಗೊತ್ತಾಗಿತ್ತೆಂಬುದು ನಮಗೆ ಅನಂತರ ತಿಳಿಯಿತು. ಆ ಸಂಬಂಧ ಮುರಿದ ಮೇಲೆ ಅವಳು ಶಾಲೆಗೆ ಮರಳಿದಳು, ಬೊಗಳುವಿಕೆಯೂ ನಿಂತಿತು. ಬಾಯಿಬಿಟ್ಟು ಬೇಡವೆನ್ನಲಾಗದವಳ ಸಂಕಟವು ಆ ರೂಪದಲ್ಲಿ ಹೊರಬಿದ್ದಿತ್ತೆಂದು ನಾವು ಇಂದು ತಿಳಿಯುತ್ತೇವೆ. ಕಥೆಯಲ್ಲಿ ವಶೀಕರಣ ಮಾಡುವವನು ಮಹಾಬಲಶಾಲಿ. ಊರಿನಲ್ಲಿ ಆ ಆರೋಪ ಬರುವುದು ಏನೂ ಬಲವಿಲ್ಲದವರ ಮೇಲೆ. ಅಂದು ನಿಜವಾಗಿ ಜನರ ಮನಸ್ಸನ್ನು ವಶಮಾಡಿಕೊಂಡದ್ದು ಭಯ. ಅದಕ್ಕೆ ಎಣ್ಣೆ ಹೊಯ್ದವರಲ್ಲಿ ನಾವೂ ಒಬ್ಬರು.

ಇಂದು ಕಾನೂನಿನ ಆಸರೆಯಿದೆ. ಡಾ. ನರೇಂದ್ರ ದಾಭೋಲಕರರು ವರ್ಷಾನುಗಟ್ಟಲೆ ಇದಕ್ಕಾಗಿ ಹೋರಾಡಿದರು. 2013ರ ಆಗಸ್ಟ್ 20ರಂದು ಪುಣೆಯಲ್ಲಿ ಅವರ ಹತ್ಯೆಯಾಯಿತು; ಅದೇ ವರ್ಷ ಮಹಾರಾಷ್ಟ್ರದಲ್ಲಿ ಅಮಾನುಷ ಪ್ರಥೆಗಳನ್ನೂ ಮಾಟಮಂತ್ರವನ್ನೂ ತಡೆಯುವ ಕಾಯಿದೆ ಜಾರಿಗೆ ಬಂದಿತು. ಅಪರಾಧಕ್ಕೆ 6 ತಿಂಗಳಿನಿಂದ 7 ವರ್ಷಗಳವರೆಗೆ ಸೆರೆವಾಸವುಂಟು. ಕರ್ನಾಟಕವೂ 2017ರಲ್ಲಿ ಇಂಥದೇ ಕಾಯಿದೆಯನ್ನು ಮಾಡಿತು.

ಹಾಗೆಂದು ಮಕ್ಕಳ ಕೈಯಿಂದ ಇಂಥ ಪುಸ್ತಕಗಳನ್ನು ಕಸಿದುಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ಹೆದರಿಕೆಯ ಕಥೆಯನ್ನು ಓದಿ ನಡುಗುವುದೂ ಓದಿನ ಒಂದು ಸುಖವೇ. ಕಥೆ ಮುಗಿದ ಮೇಲೆ ಮಕ್ಕಳೊಡನೆ ಕುಳಿತು ಮಾತನಾಡುವುದು ಹಿರಿಯರ ಕರ್ತವ್ಯ. ಈ ಸಲ ಗಡ್ಡೆಯ ಜಾತ್ರೆಗೆ ಮಕ್ಕಳನ್ನು ಕರೆದೊಯ್ದಾಗ ಸಿದ್ಧರಾಮರ ಕೆರೆಯ ಬಳಿ ಸ್ವಲ್ಪ ಹೊತ್ತು ನಿಂತು, ಇಲ್ಲಿ ಒಬ್ಬರು ಇನ್ನೊಬ್ಬರ ಮನಸ್ಸನ್ನು ಮಾತಿನಿಂದ ಗೆದ್ದ ಕಥೆಯನ್ನು ಹೇಳಿರಿ. ಆ ವಿಧವೆ ಕೇಳಿದ್ದೂ ಒಂದು ಮಾತನ್ನೇ. ಅದನ್ನು ಅಂದು ಆಡಲಾರದೆ ಹೋದ ನಾವು ಇಂದು ಈ ಸಂಚಿಕೆಯಲ್ಲಿ ಬರೆದಿದ್ದೇವೆ.