ಬಂದರು ಉಳಿದರೆ ಊರು ಉಳಿದೀತು

ರಜೆಗೆ ಊರಿಗೆ ಹೋದಾಗ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪ ನೋಡಿ ಬಂದವರು ನಮ್ಮಲ್ಲಿ ಅನೇಕರಿದ್ದೇವೆ. ಕಂಬಗಳನ್ನು ಒತ್ತಾಗಿ ಜೋಡಿಸಿಟ್ಟಂತೆ ಕಾಣುವ ಅಲ್ಲಿನ ಕಲ್ಲುಗಳ ಮೇಲೆ ಕುಳಿತು ಫೋಟೋ ತೆಗೆಸಿಕೊಂಡಿದ್ದೇವೆ. ಕೋಟ್ಯಂತರ ವರ್ಷಗಳ ಹಿಂದೆ ಭೂಮಿಯೊಳಗಿಂದ ಉಕ್ಕಿಬಂದ ಲಾವಾ ತಣ್ಣಗಾಗಿ ಆದ ಕಲ್ಲುಗಳು ಅವು. ನಮ್ಮ ಕರಾವಳಿಯ ಮೀನುಗಾರರ ಪಾಲಿಗೆ ಆ ಬೆಂಕಿ ಎಂದೋ ಆರಿಹೋಗಿದೆ. ಆದರೆ ಬೆಂಕಿ ಇನ್ನೂ ಆರದ ಕಡಲತಡಿಯಲ್ಲಿ ಬಲೆ ಬೀಸಿ ಬದುಕುವವರೂ ಇದ್ದಾರೆ. ಅಂಥ ಒಂದು ಊರಿನ ಚರಿತ್ರೆಯನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಐಸ್‌ಲ್ಯಾಂಡ್ ದೇಶದ ದಕ್ಷಿಣ ತೀರದಾಚೆ ವೆಸ್ಟ್‌ಮನ್ ದ್ವೀಪಗಳೆಂಬ ಒಂದು ಗುಂಪಿದೆ. ಅದರಲ್ಲಿ ಜನವಸತಿ ಇರುವುದು ಒಂದೇ ದ್ವೀಪದಲ್ಲಿ. ಹೆಸರು ಹೇಯ್ಮಾಯ್, ಅಂದರೆ 'ಮನೆಯ ದ್ವೀಪ'. ಅಲ್ಲಿ ಊರೂ ಒಂದೇ, ಬಂದರೂ ಒಂದೇ. ಗಂಡಸರು ಕಡಲಿಗಿಳಿದರೆ, ಉಳಿದವರಲ್ಲಿ ಬಹಳ ಮಂದಿಗೆ ಮೀನು ಹಸನು ಮಾಡುವ, ಮಂಜುಗಡ್ಡೆಯಲ್ಲಿಡುವ ಕಾರ್ಖಾನೆಗಳಲ್ಲಿ ಕೆಲಸ. ಚಳಿಗಾಲದ ಕಾಡ್ ಮೀನಿನ ಹಂಗಾಮೇ ಇಡೀ ವರ್ಷದ ಅನ್ನ.

ಆ ಕಡಲಿನ ಗುಣ ಅವರಿಗೆ ಗೊತ್ತಿಲ್ಲದ್ದಲ್ಲ. 1963ರ ನವೆಂಬರ್ 14ರ ಬೆಳಿಗ್ಗೆ ಅಲ್ಲಿನ ಒಂದು ದೋಣಿಯವರಿಗೆ ದೂರದಲ್ಲಿ ಕಪ್ಪು ಹೊಗೆ ಕಂಡಿತು. ಯಾರದೋ ದೋಣಿಗೆ ಬೆಂಕಿ ಬಿದ್ದಿರಬೇಕೆಂದು ನೆರವಿಗೆಂದೇ ಅತ್ತ ತಿರುಗಿಸಿದರು. ಹತ್ತಿರ ಹೋಗಿ ನೋಡಿದರೆ ಸಮುದ್ರವೇ ಕುದಿಯುತ್ತಿತ್ತು. ನೀರಿನಡಿಯ ಜ್ವಾಲಾಮುಖಿಯಿಂದ ಹೀಗೆ ಹುಟ್ಟಿದ ಹೊಸ ದ್ವೀಪಕ್ಕೆ ಸುರ್ಟ್ಸೇ ಎಂದು ಹೆಸರಾಯಿತು. ಅದರ ಬೆಂಕಿ ಆರಿದ್ದು 1967ರಲ್ಲಿ.

ಹತ್ತು ವರ್ಷ ತುಂಬುವುದರೊಳಗೆ ಬೆಂಕಿ ಊರ ಬಾಗಿಲಿಗೇ ಬಂತು. 1973ರ ಜನವರಿ 23ರಂದು, ನಡುರಾತ್ರಿ ಸುಮಾರು 2 ಗಂಟೆಗೆ, ಪೂರ್ವದಂಚಿನ ಮನೆಗಳ ಹಿಂದೆ ನೆಲ ಸೀಳಿತು. ಒಂದು ಕಿಲೋಮೀಟರಿಗೂ ಉದ್ದದ ಬಿರುಕಿನಿಂದ ಬೆಂಕಿಯ ಪರದೆ ಎದ್ದು ನಿಂತಿತು. ಅಗ್ನಿಶಾಮಕ ಗಾಡಿಗಳು ಸೈರನ್ ಕೂಗುತ್ತ ಬೀದಿ ಬೀದಿ ಸುತ್ತಿ ಜನರನ್ನು ಎಬ್ಬಿಸಿದವು. ಹಿಂದಿನ ದಿನ ಬಿರುಗಾಳಿ ಇದ್ದುದರಿಂದ ದೋಣಿಗಳು ಕಡಲಿಗೆ ಹೋಗದೆ ಬಂದರಿನಲ್ಲೇ ನಿಂತಿದ್ದವು. ಊಟ ತಪ್ಪಿಸಿದ ಗಾಳಿಯೇ ಅಂದು ಜೀವ ಉಳಿಸಿತು. ಮಕ್ಕಳನ್ನು ಹೊದಿಕೆಯಲ್ಲಿ ಸುತ್ತಿಕೊಂಡು, ಕೈಗೆ ಸಿಕ್ಕಿದ್ದನ್ನು ಚೀಲಕ್ಕೆ ತುರುಕಿಕೊಂಡು ಜನ ಬಂದರಿಗೆ ಇಳಿದರು. ಸುಮಾರು 5,300 ಜನರಲ್ಲಿ ತುರ್ತು ಕೆಲಸಕ್ಕೆ ನಿಂತ ಕೆಲವು ನೂರು ಮಂದಿಯನ್ನು ಬಿಟ್ಟರೆ ಉಳಿದವರೆಲ್ಲ ಬೆಳಗಾಗುವಷ್ಟರಲ್ಲಿ ದ್ವೀಪ ಬಿಟ್ಟಿದ್ದರು. ರೋಗಿಗಳನ್ನೂ ವಯಸ್ಸಾದವರನ್ನೂ ವಿಮಾನದಲ್ಲಿ ಸಾಗಿಸಿದರು.

1990ರಲ್ಲಿ ಕುವೈತ್ ಬಿಟ್ಟು ಅಮ್ಮಾನ್ ದಾರಿಯಾಗಿ ಊರು ಸೇರಿದವರಿಗೆ ಈ ರಾತ್ರಿಯನ್ನು ಬಿಡಿಸಿ ಹೇಳಬೇಕಿಲ್ಲ. ಬಾಗಿಲಿಗೆ ಬೀಗ ಹಾಕುವಾಗ ಮತ್ತೆ ತೆಗೆಯುತ್ತೇವೋ ಇಲ್ಲವೋ ಎಂಬ ಅಳುಕು ಎಲ್ಲ ದೇಶದಲ್ಲೂ ಒಂದೇ.

ಹೇಯ್ಮಾಯ್‌ನಲ್ಲಿ ಉಳಿದವರು ಛಾವಣಿ ಕುಸಿಯದಂತೆ ಬೂದಿ ತೋಡಿ ಹಾಕಿದರು. ಹಾರಿಬರುವ ಬೆಂಕಿಯುಂಡೆಗಳು ಒಳಗೆ ಬೀಳದಂತೆ ಕಿಟಕಿಗಳಿಗೆ ತಗಡು ಹೊಡೆದರು. ಅಷ್ಟರಲ್ಲಿ ಇನ್ನೂ ದೊಡ್ಡ ಅಪಾಯ ಕಾಣಿಸಿತು. ಲಾವಾ ಬಂದರಿನ ಬಾಯಿಯ ಕಡೆಗೆ ಹರಿಯತೊಡಗಿತ್ತು. ಬಾಯಿ ಮುಚ್ಚಿಹೋದರೆ ದೋಣಿಗೆ ದಾರಿಯಿಲ್ಲ. ದೋಣಿಯಿಲ್ಲದ ಊರಿಗೆ ಜನ ಮರಳಿ ಬಂದು ಮಾಡುವುದಾದರೂ ಏನು?

ಲಾವಾದ ಮೇಲೆ ಸಮುದ್ರದ ನೀರು ಸುರಿದು ಅದನ್ನು ಗಟ್ಟಿಯಾಗಿಸಿದರೆ ಹಿಂದಿನದಕ್ಕೆ ಅದೇ ಗೋಡೆಯಾಗುತ್ತದೆ ಎಂದವರು ಭೌತವಿಜ್ಞಾನಿ ಥೋರ್‌ಬ್ಯೋರ್ನ್ ಸಿಗುರ್‌ಗೈರ್‌ಸನ್. ಸಾವಿರ ಡಿಗ್ರಿಗೂ ಮೀರಿ ಕಾದದ್ದಕ್ಕೆ ನೀರೆರೆದು ಏನಾದೀತು ಎಂದು ನಕ್ಕವರೂ ಇದ್ದರು. ಫೆಬ್ರವರಿಯಲ್ಲಿ ಸಣ್ಣದಾಗಿ ಶುರುವಾದ ಕೆಲಸಕ್ಕೆ ಮಾರ್ಚ್‌ನಲ್ಲಿ ಹೂಳೆತ್ತುವ ಹಡಗು ಬಂತು, ಅಮೆರಿಕದಿಂದ ದೊಡ್ಡ ಪಂಪುಗಳು ಬಂದವು. ಲಾವಾದ ಮೇಲೆಯೇ ಪ್ಲಾಸ್ಟಿಕ್ ಕೊಳವೆ ಎಳೆದರು. ಒಳಗೆ ತಣ್ಣೀರು ಓಡುತ್ತಿದ್ದಷ್ಟು ಹೊತ್ತು ಕೊಳವೆ ಕರಗಲಿಲ್ಲ. ಹಬೆಯಲ್ಲಿ ಮುಂದಿನ ಹೆಜ್ಜೆ ಕಾಣದೆ, ಬೂಟಿನಡಿ ಸುಡುವ ನೆಲದ ಮೇಲೆ ಜನ ಪಾಳಿಯಲ್ಲಿ ದುಡಿದರು. ಒಟ್ಟು ಸುರಿದ ನೀರು ಸುಮಾರು 60 ಲಕ್ಷ ಟನ್.

ಎಲ್ಲವೂ ಉಳಿಯಲಿಲ್ಲ. ಮಾರ್ಚ್ ಕೊನೆಯಲ್ಲಿ ಲಾವಾ ಊರೊಳಗೆ ನುಗ್ಗಿತು. ಮನೆ, ಕಟ್ಟಡ ಸೇರಿ ಸುಮಾರು 400 ನಾಶವಾದವು. ವಿಷಾನಿಲಕ್ಕೆ ಒಂದು ಜೀವ ಹೋಯಿತು. ಜುಲೈ 3ರಂದು ಬೆಂಕಿ ನಿಂತಿತೆಂದು ಘೋಷಿಸಿದಾಗ ಊರಿನ ಪಕ್ಕ ಒಂದು ಹೊಸ ಬೆಟ್ಟ ಎದ್ದಿತ್ತು, ದ್ವೀಪ 2 ಚದರ ಕಿಲೋಮೀಟರಿಗೂ ಹೆಚ್ಚು ಬೆಳೆದಿತ್ತು. ಬಂದರಿನ ಬಾಯಿ ಮಾತ್ರ ತೆರೆದೇ ಇತ್ತು. ಅಷ್ಟೇ ಅಲ್ಲ, ಗಟ್ಟಿಯಾದ ಲಾವಾ ಅಲೆಗಳಿಗೆ ಅಡ್ಡ ನಿಂತು ಬಂದರು ಮೊದಲಿಗಿಂತ ಸುರಕ್ಷಿತವಾಯಿತು.

ಜನ ಮರಳಿದರು. 1975ರ ಮಾರ್ಚ್ ಹೊತ್ತಿಗೆ ಮೊದಲಿನ ಜನಸಂಖ್ಯೆಯ ಸುಮಾರು ಶೇಕಡಾ 80ರಷ್ಟು ಜನ ಊರಿನಲ್ಲಿದ್ದರು. ತೆಗೆದ ಬೂದಿಯನ್ನು ವಿಮಾನ ನಿಲ್ದಾಣದ ರನ್‌ವೇಗೂ ಹೊಸ ಮನೆಗಳ ಅಡಿಪಾಯಕ್ಕೂ ತುಂಬಿದರು. ಮನೆ ಸುಟ್ಟ ಲಾವಾದ ಬಿಸಿಯಿಂದಲೇ ಹಲವು ವರ್ಷ ಮನೆಗಳನ್ನು ಬೆಚ್ಚಗಿಟ್ಟುಕೊಂಡರು. ಮರಳದೆ ಬೇರೆಡೆ ನೆಲೆಸಿದವರೂ ಇದ್ದರು, ಅವರನ್ನು ಯಾರೂ ದೂರುವಂತಿಲ್ಲ.

ಅದೇ ದೇಶದ ಗ್ರಿಂಡವಿಕ್ ಎಂಬ ಇನ್ನೊಂದು ಮೀನುಗಾರರ ಪಟ್ಟಣ 2023ರ ನವೆಂಬರ್ 10ರ ರಾತ್ರಿ ಹೀಗೆಯೇ ಖಾಲಿಯಾಯಿತು. ಮರುವರ್ಷ ಜನವರಿಯಲ್ಲಿ ಲಾವಾ ಅಲ್ಲಿನ ಮನೆಗಳನ್ನು ಮುಟ್ಟಿತು. ಜನರ ಮನೆಗಳನ್ನು ಕೊಂಡುಕೊಳ್ಳಲು ಸರ್ಕಾರವೇ ಮುಂದಾಗಬೇಕಾಯಿತು. ಬೆಂಕಿಯ ಪಕ್ಕದ ಬದುಕಿಗೆ ಕೊನೆಯ ಗೆಲುವು ಎಂಬುದಿಲ್ಲ.

ಈ ಚರಿತ್ರೆ ಓದುವಾಗ ನಮ್ಮ ಮನಸ್ಸು ಊರಿನ ಕಡೆಗೇ ಹೋಗುತ್ತದೆ. ಕೊಲ್ಲಿಯ ಬಿಸಿಲಲ್ಲಿ ದುಡಿದು ನಾವು ಊರಲ್ಲಿ ಮನೆ ಕಟ್ಟಿದ್ದೇವೆ. ಎಷ್ಟೋ ಮನೆಗಳ ಬಾಗಿಲಿಗೆ ವರ್ಷದಲ್ಲಿ ಹನ್ನೊಂದು ತಿಂಗಳು ಬೀಗ. ಹೇಯ್ಮಾಯ್‌ನವರು ನೂರಾರು ಮನೆ ಕಳೆದುಕೊಂಡೂ ಮರಳಿದ್ದು ದುಡಿಯಲು ಒಂದು ಧಕ್ಕೆ ಉಳಿದಿತ್ತೆಂಬ ಕಾರಣಕ್ಕೆ. ನಮಗೆ ಮನೆಯಂತೂ ಇದೆ. ಮರಳಿದ ಮೇಲೆ ಬೆಳಿಗ್ಗೆ ಎದ್ದು ಹೋಗಲು ಒಂದು ಕೆಲಸ ಊರಿನಲ್ಲಿ ಇದೆಯೇ? ಮುಂದಿನ ರಜೆಯಲ್ಲಿ ಟೈಲ್ಸ್ ಬದಲಿಸುವ ಮಾತಿನ ಜೊತೆಗೆ ಮನೆಯವರೊಡನೆ ಕುಳಿತು ಇದನ್ನೂ ಮಾತಾಡೋಣ.